ಅಮ್ಮನ ‘ಕೇರ್ ಲೆವೆಲ್’ ಏರಿಸಿ ತಿಂಗಳಿಗೆ 22 ಸಾವಿರ ಜಾಸ್ತಿ ಬಿಲ್: ಯಾರಿಗಾದರೂ ಅನುಭವ ಇದೆಯಾ?

ಬನಶಂಕರಿ_ಮಗಳು

ನಮಸ್ಕಾರ. ಅಮ್ಮನಿಗೆ 81 ವರ್ಷ. ಬೆಂಗಳೂರಿನ ಹೊರವಲಯದ ಒಂದು ಅಸಿಸ್ಟೆಡ್ ಲಿವಿಂಗ್‌ನಲ್ಲಿ (ಹಿರಿಯರಿಗೆ ವಸತಿ, ಊಟ, ಆರೈಕೆ ಕೊಡುವ ಕಡೆ) ಎರಡು ವರ್ಷದಿಂದ ಇದ್ದಾರೆ. ಜಾಗದ ಹೆಸರು ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ. ಅಮ್ಮ ಇನ್ನೂ ಅಲ್ಲೇ ಇರಬೇಕಲ್ಲ.

ಮಾರ್ಚ್‌ವರೆಗೆ ಬಿಲ್ ಹೀಗಿತ್ತು: ರೂಮ್ ಮತ್ತು ಊಟಕ್ಕೆ 38,000, ಕೇರ್ ಲೆವೆಲ್ (ಎಷ್ಟು ಆರೈಕೆ ಬೇಕು ಅನ್ನುವ ಮಟ್ಟ) 2ಕ್ಕೆ 9,000. ಒಟ್ಟು 47,000. ಡೈಪರ್, ಗ್ಲೌಸ್, ಔಷಧಿ ಬೇರೆ. ಏಪ್ರಿಲ್ ಬಿಲ್ ನೋಡಿ: ರೂಮ್ ಮತ್ತು ಊಟ 41,040, ಕೇರ್ ಲೆವೆಲ್ 4ಕ್ಕೆ 28,000. ಒಟ್ಟು 69,040.

ರೂಮಿನ ಬಗ್ಗೆ ತಕರಾರಿಲ್ಲ. ವರ್ಷಕ್ಕೆ ಹೆಚ್ಚೆಂದರೆ 8% ಅಂತ ಅಗ್ರಿಮೆಂಟ್‌ನಲ್ಲೇ ಇದೆ, ಅಷ್ಟನ್ನೇ ಏರಿಸಿದ್ದಾರೆ. ಆದರೆ ಕೇರ್ ಚಾರ್ಜ್ ಒಂದೇ ಸಲಕ್ಕೆ ಮೂರು ಪಟ್ಟು! ಕೇಳಿದರೆ “ಮೇಡಂ, ಇದು ದರ ಏರಿಕೆ ಅಲ್ಲ, ಲೆವೆಲ್ ಬದಲಾವಣೆ” ಅನ್ನುತ್ತಾರೆ. ಆ 8% ಮಿತಿ ಕೇರ್ ಚಾರ್ಜ್‌ಗೆ ಇಲ್ಲವಂತೆ. ಅಗ್ರಿಮೆಂಟ್ ತೆಗೆದು ನೋಡಿದೆ. “ನಿವಾಸಿಯ ಅಗತ್ಯಕ್ಕೆ ತಕ್ಕಂತೆ ಆರೈಕೆ ಶುಲ್ಕವನ್ನು ಆಡಳಿತವು ನಿರ್ಧರಿಸುತ್ತದೆ” ಅಂತ ಒಂದೇ ಸಾಲು.

ಆಗಿದ್ದು ಇಷ್ಟು. ಫೆಬ್ರವರಿಯಲ್ಲಿ ಅಮ್ಮನಿಗೆ ಮೂತ್ರದ ಸೋಂಕಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ವಾಪಸ್ ಬಂದಾಗ ತುಂಬಾ ಗೊಂದಲದಲ್ಲಿದ್ದರು. ನನ್ನನ್ನೇ ಚಿಕ್ಕಮ್ಮ ಅಂದುಕೊಂಡಿದ್ದರು. ಈಗ ಸುಧಾರಿಸಿದ್ದಾರೆ. ವಾಕರ್ ಹಿಡಿದು ಊಟದ ಹಾಲ್‌ವರೆಗೆ ನಡೆಯುತ್ತಾರೆ, ಕೂತು ಹೂಬತ್ತಿ ಮಾಡುತ್ತಾರೆ, ಪಕ್ಕದ ರೂಮಿನವರಿಗೆ ಪೇಪರ್ ಜೋರಾಗಿ ಓದಿ ಹೇಳುತ್ತಾರೆ. ಇವರಿಗೆ ಲೆವೆಲ್ 4 ಆರೈಕೆ ಯಾಕೆ?

ಡೆಪಾಸಿಟ್ 3 ಲಕ್ಷ ಅವರ ಹತ್ತಿರ ಇದೆ. ಬಿಡಬೇಕಾದರೆ ಮೂರು ತಿಂಗಳ ನೋಟಿಸ್. ಏನು ಮಾಡಲಿ?

ಧಾರವಾಡ_ಫೇಡೆ

ಅಯ್ಯೋ, ನಮ್ಮದೂ ಇದೇ ಕತೆರೀ. ನಮ್ಮಪ್ಪನವರಿಗೆ ಲೆವೆಲ್ 1ರಿಂದ 3. ಅದರ ಮೇಲೆ ಮನೆಯೊಳಗ ಜಗಳ ಬೇರೆ. ಅಣ್ಣ “ಅಗ್ರಿಮೆಂಟ್‌ಗೆ ನೀನೇ ಸಹಿ ಮಾಡಿದ್ದು, ನೀನೇ ನೋಡಿಕೊ” ಅನ್ನುತ್ತಾನೆ.

ಕುಡ್ಲದ_ಮೀನು

ಮಾರುಕಟ್ಟೆ ದರ ಅದೇ ಅಲ್ವಾ? ಇಷ್ಟ ಇಲ್ಲ ಅಂದರೆ ಬೇರೆ ಕಡೆ ನೋಡಿ.

ಬನಶಂಕರಿ_ಮಗಳು

@ಕುಡ್ಲದ_ಮೀನು ಮೊಬೈಲ್ ಸಿಮ್ ಅಲ್ಲ ಸರ್, ಪೋರ್ಟ್ ಮಾಡೋಕೆ. 81 ವರ್ಷದವರನ್ನು ರೂಮ್ ಬದಲಿಸಿದರೇ ರಾತ್ರಿ ಬಾತ್‌ರೂಮ್ ದಾರಿ ತಪ್ಪುತ್ತಾರೆ.

ನರ್ಸ್_ಅಕ್ಕ

ನಾನು ಇಂಥದ್ದೇ ಒಂದು ಕಡೆ ವಾರ್ಡ್ ಇನ್‌ಚಾರ್ಜ್ ಆಗಿದ್ದೇನೆ. ನಿಮ್ಮ ಅಮ್ಮ ಇರುವ ಜಾಗ ಅಲ್ಲ ಅಂದುಕೊಂಡಿದ್ದೇನೆ, ಆದರೂ ಇರಬಹುದು!

ಒಂದು ಪ್ರಶ್ನೆ. ಲೆವೆಲ್ ಬದಲಿಸಿದಾಗ ಅಸೆಸ್‌ಮೆಂಟ್ ಶೀಟ್ ಕೊಟ್ಟರಾ? ಬಹಳ ಕಡೆ ಬಾರ್ಥೆಲ್ ಇಂಡೆಕ್ಸ್ ಬಳಸುತ್ತಾರೆ. ಊಟ, ಸ್ನಾನ, ಬಟ್ಟೆ, ಮಲ, ಮೂತ್ರ, ನಡಿಗೆ ಹೀಗೆ ಹತ್ತು ವಿಷಯ, ಒಟ್ಟು 100 ಅಂಕ. ಅಂಕ ಕಡಿಮೆ ಇದ್ದಷ್ಟೂ ಆರೈಕೆ ಜಾಸ್ತಿ ಬೇಕು ಅಂತ. ಕೆಲವು ಕಡೆ ಕಾಟ್ಜ್ ಅಂತ ಆರು ವಿಷಯದ ಚಿಕ್ಕ ಪಟ್ಟಿ ಇರುತ್ತದೆ. ಯಾವುದು ಬಳಸಿದರು, ಯಾವ ದಿನ ಮಾಡಿದರು, ಯಾರು ಸಹಿ ಹಾಕಿದರು ಅಂತ ಕೇಳಿ. ಬಾಯಲ್ಲಿ ಬೇಡ, ಇಮೇಲ್‌ನಲ್ಲಿ.

ಯಾವ ದಿನ ಅನ್ನುವುದೇ ಮುಖ್ಯ. ವಯಸ್ಸಾದವರಿಗೆ ಮೂತ್ರದ ಸೋಂಕಾದರೆ ಇದ್ದಕ್ಕಿದ್ದಂತೆ ಬುದ್ಧಿ ಮಂಕಾಗುತ್ತದೆ. ಡೆಲಿರಿಯಂ ಅನ್ನುತ್ತಾರೆ. ಬಹಳ ಜನರಿಗೆ ಕೆಲವು ದಿನ, ಕೆಲವು ವಾರದಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಅಂಕ ಹಾಕಿದರೆ ಯಾರಾದರೂ ಲೆವೆಲ್ 4 ಆಗುತ್ತಾರೆ.

ಅಮ್ಮನ_ಮಡಿಲು

ತಪ್ಪು ತಿಳಿಯಬೇಡಿ. ಹೆತ್ತವರನ್ನು ದುಡ್ಡು ಕೊಟ್ಟು ಬೇರೆಯವರ ಕೈಗೆ ಕೊಟ್ಟ ಮೇಲೆ ಅವರು ಕೇಳಿದಷ್ಟು ಕೊಡಲೇಬೇಕು. ಮನೆಯಲ್ಲಿ ಇಟ್ಟುಕೊಂಡಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ.

ಧಾರವಾಡ_ಫೇಡೆ

ಬಂದರು ನೋಡ್ರಿ.

ಲೆಕ್ಕದ_ಮೇಷ್ಟ್ರು

@ಅಮ್ಮನ_ಮಡಿಲು ಮನೆಯಲ್ಲಿ 24 ಗಂಟೆಯೂ ಒಬ್ಬರು ಬೇಕು ಅಂದರೆ ಹಗಲಿಗೊಬ್ಬರು, ರಾತ್ರಿಗೊಬ್ಬರು. ಅವರು ರಜೆ ಹಾಕಿದ ದಿನ ನೀವು ರಜೆ ಹಾಕಬೇಕು. ಏಜೆನ್ಸಿಯವರೂ ವರ್ಷಕ್ಕೊಮ್ಮೆ ದರ ಏರಿಸುತ್ತಾರೆ. ಈ ತಲೆನೋವು ಮನೆಗೂ ಬರುತ್ತದೆ. ಅದಕ್ಕೆ ಬೇರೆ ಥ್ರೆಡ್ ಹಾಕೋಣ.

ಈಗ ಲೆಕ್ಕ. ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ನಮ್ಮಂಥವರ ವರಮಾನ ಎಲ್ಲಿಂದ ಬರುತ್ತದೆ ನೋಡಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೆಚ್ಚೆಂದರೆ 30 ಲಕ್ಷ ಇಡಬಹುದು. 2023ರಲ್ಲಿ 8.2% ದರಕ್ಕೆ ಇಟ್ಟವರಿಗೆ ಮೂರು ತಿಂಗಳಿಗೆ 61,500 ಬರುತ್ತದೆ. ತಿಂಗಳಿಗೆ 20,500. ಐದು ವರ್ಷ ಅದು ಒಂದು ರೂಪಾಯಿಯೂ ಏರುವುದಿಲ್ಲ. ಅದೇ ಐದು ವರ್ಷದಲ್ಲಿ 45,000 ರೂಪಾಯಿ ಫೀ ವರ್ಷಕ್ಕೆ 10% ಏರಿದರೆ 72,000 ದಾಟುತ್ತದೆ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದಾಗ ಮೂಲ ಪಿಂಚಣಿಯ 20% ಹೆಚ್ಚುವರಿ ಸಿಗುತ್ತದೆ, 85ಕ್ಕೆ 30%. ವರ್ಷಕ್ಕೆರಡು ಸಲ ಡಿಎ ಇದೆ. ಅವರು ಹೇಗೋ ತೂಗಿಸುತ್ತಾರೆ. ಖಾಸಗಿ ಕಂಪನಿಯಲ್ಲಿ ದುಡಿದು ಇಪಿಎಸ್ (ಪಿಎಫ್ ಜೊತೆ ಬರುವ) ಪಿಂಚಣಿ ಪಡೆಯುವವರ ಪಾಡು ಕೇಳಬೇಡಿ. 2014ರಲ್ಲಿ ತಿಂಗಳಿಗೆ ಕನಿಷ್ಠ 1,000 ಅಂತ ಮಾಡಿದ್ದು.

ಹಾಗಂತ ಬನಶಂಕರಿಯವರ ಕೇಸ್ ವಾರ್ಷಿಕ ಏರಿಕೆಯದಲ್ಲ. 8% ಮಿತಿಯನ್ನು ಮುಂಬಾಗಿಲಲ್ಲಿ ನಿಲ್ಲಿಸಿ, ಕೇರ್ ಚಾರ್ಜನ್ನು ಹಿಂಬಾಗಿಲಿಂದ ಬಿಟ್ಟಿದ್ದಾರೆ. ಅಗ್ರಿಮೆಂಟ್‌ನಲ್ಲಿ ಮಿತಿ ಇಲ್ಲದ ಸಾಲು ಎಲ್ಲಿದೆಯೋ ಬಿಲ್ ಅಲ್ಲಿಂದಲೇ ಬೆಳೆಯುತ್ತದೆ. ನಾನು ಇಷ್ಟು ವರ್ಷ ಸಾಲದ ಪತ್ರ ಓದಿದವನು, ಇದು ಹೊಸದೇನಲ್ಲ.

ನರ್ಸ್_ಅಕ್ಕ

ಮೇಷ್ಟ್ರೇ, ನಮ್ಮ ಕಡೆಯ ಲೆಕ್ಕವನ್ನೂ ಹೇಳುತ್ತೇನೆ, ಬೈಯಬೇಡಿ.

ಒಂದು ಜಾಗದಲ್ಲಿ ಹಗಲು ರಾತ್ರಿ ಒಬ್ಬ ಅಟೆಂಡರ್ ಇರಬೇಕು ಅಂದರೆ ವಾರಕ್ಕೆ 168 ಗಂಟೆ. ಒಬ್ಬರ ಕೆಲಸ ವಾರಕ್ಕೆ 48 ಗಂಟೆ. ಅಂದರೆ ಮೂರೂವರೆ ಜನ. ರಜೆ, ಹುಷಾರಿಲ್ಲದ ದಿನ, ಊರಹಬ್ಬ ಸೇರಿಸಿದರೆ ನಾಲ್ಕು ಜನಕ್ಕಿಂತ ಜಾಸ್ತಿ. ಅವರಿಗೆ ಸಂಬಳ, ಪಿಎಫ್, ಇಎಸ್‌ಐ, ಊಟ, ಉಳಿಯುವ ಜಾಗ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಏರುತ್ತದೆ. ಕಲಿಸಿ ತಯಾರು ಮಾಡಿದ ಹುಡುಗಿ ಆರು ತಿಂಗಳಲ್ಲಿ ಪಕ್ಕದವರು ಎರಡು ಸಾವಿರ ಜಾಸ್ತಿ ಕೊಟ್ಟರು ಅಂತ ಹೋಗುತ್ತಾಳೆ. ತಪ್ಪು ಅವಳದ್ದೂ ಅಲ್ಲ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ರಾತ್ರಿ ಎರಡು ಗಂಟೆಗೂ, ನಾಲ್ಕು ಗಂಟೆಗೂ ಒಬ್ಬರಲ್ಲ, ಇಬ್ಬರು ಬೇಕು. ಲೆವೆಲ್ 4 ಅನ್ನುವುದು ಸುಳ್ಳಲ್ಲ. ನಿಜವಾಗಿ ಅಷ್ಟು ಕೆಲಸ ಇರುವ ಹಿರಿಯರಿಗೆ 28,000 ನನಗೆ ಹೆಚ್ಚು ಅನ್ನಿಸುವುದಿಲ್ಲ.

ಆದರೆ ಹೂಬತ್ತಿ ಮಾಡುವ ಅಮ್ಮನಿಗೆ ಹೆಚ್ಚು.

ಕುಡ್ಲದ_ಮೀನು

ಇದು ಒಪ್ಪಿದೆ ಅಕ್ಕ.

ಬನಶಂಕರಿ_ಮಗಳು

ಶೀಟ್ ಕೇಳಿ ಇಮೇಲ್ ಹಾಕಿದೆ. ಮೊದಲು “ಆಂತರಿಕ ದಾಖಲೆ” ಅಂದರು. ಅದರ ಮೇಲೆಯೇ ಬಿಲ್ ಮಾಡಿದ ಮೇಲೆ ಆಂತರಿಕ ಹೇಗಾಗುತ್ತದೆ ಅಂತ ಇನ್ನೊಂದು ಇಮೇಲ್. ನಾಲ್ಕೈದು ದಿನ ಸುಮ್ನೆ ಇದ್ದು ಕೊನೆಗೆ ಫೋಟೋ ಕಳಿಸಿದರು.

ನರ್ಸ್ ಅಕ್ಕ ಹೇಳಿದ್ದು ನಿಜ. ಬಾರ್ಥೆಲ್ ಶೀಟೇ. ಆಸ್ಪತ್ರೆಯಿಂದ ಬಂದ ಮೂರನೇ ದಿನ ಮಾಡಿದ್ದು! ಅಂಕ ಹೀಗಿದೆ: ಊಟ 5, ಸ್ನಾನ 0, ಮುಖ ತೊಳೆಯುವುದು ತಲೆ ಬಾಚುವುದು 0, ಬಟ್ಟೆ 5, ಮಲ 5, ಮೂತ್ರ 0, ಟಾಯ್ಲೆಟ್ 5, ಹಾಸಿಗೆಯಿಂದ ಕುರ್ಚಿಗೆ 10, ನಡಿಗೆ 0, ಮೆಟ್ಟಿಲು 0. ಒಟ್ಟು 30.

ಮೂತ್ರಕ್ಕೆ 0 ಯಾಕೆ ಅಂತ ನೋಡಿದರೆ ಆವತ್ತು ಕ್ಯಾಥೆಟರ್ (ಮೂತ್ರದ ನಳಿಕೆ) ಇತ್ತು. ಆಮೇಲೆ ಅವರ ನರ್ಸೇ ಅದನ್ನು ತೆಗೆದಿದ್ದು.

ನರ್ಸ್_ಅಕ್ಕ

ಅಲ್ಲೇ ಸಿಕ್ಕಿತು ನೋಡಿ. ಕ್ಯಾಥೆಟರ್ ಇದ್ದು ತಾವೇ ನಿಭಾಯಿಸಲು ಆಗದಿದ್ದರೆ ಆ ಸಾಲಿಗೆ ಸೊನ್ನೆ. ಅದು ನಿಯಮ, ತಪ್ಪಲ್ಲ. ತೆಗೆದ ಮೇಲೆ ಮತ್ತೆ ಅಂಕ ಹಾಕದೇ ಇದ್ದದ್ದು ತಪ್ಪು. ನಡಿಗೆಯದ್ದೂ ಹಾಗೇ. ಮೂರನೇ ದಿನ ಯಾರು ನಡೆಯುತ್ತಾರೆ?

ಇವತ್ತಿನ ಸ್ಥಿತಿಗೆ ನಾವೇ ಅಂಕ ಹಾಕೋಣ. ಹೇಳಿ.

ಬನಶಂಕರಿ_ಮಗಳು

ಊಟ ತಾವೇ ಮಾಡುತ್ತಾರೆ. ಸ್ನಾನಕ್ಕೆ ಒಬ್ಬರು ಬೇಕು. ತಲೆ ತಾವೇ ಬಾಚುತ್ತಾರೆ, ಜಡೆ ಹಾಕಿಸಿಕೊಳ್ಳುತ್ತಾರೆ. ಸೀರೆ ಬಿಟ್ಟು ನೈಟಿ ಆಗಿದೆ, ತೋಳು ಹಾಕಲು ಸ್ವಲ್ಪ ಸಹಾಯ ಬೇಕು. ರಾತ್ರಿ ಒಂದೊಂದು ಸಲ ಬಟ್ಟೆ ಒದ್ದೆಯಾಗುತ್ತದೆ, ಮಲದ ತೊಂದರೆ ಇಲ್ಲ. ಟಾಯ್ಲೆಟ್‌ಗೆ ಒಬ್ಬರು ಜೊತೆಗಿರಬೇಕು. ಏಳುವಾಗ ಕೈ ಕೊಡಬೇಕು. ವಾಕರ್‌ನಲ್ಲಿ ಕಾರಿಡಾರ್ ಪೂರ್ತಿ ನಡೆಯುತ್ತಾರೆ. ಮೆಟ್ಟಿಲು ಇಲ್ಲ.

ನರ್ಸ್_ಅಕ್ಕ

10, 0, 5, 5, ಮಲ 10, ಮೂತ್ರ 5, ಟಾಯ್ಲೆಟ್ 5, ಏಳುವುದು 10, ನಡಿಗೆ 15, ಮೆಟ್ಟಿಲು 0. ಒಟ್ಟು 65. ನಡಿಗೆಗೆ 10 ಕೊಟ್ಟರೂ 60. 30ಕ್ಕೂ ಇದಕ್ಕೂ ಅಜಗಜಾಂತರ. ಆದರೆ ಮೊದಲಿದ್ದ ಲೆವೆಲ್ 2ಕ್ಕೆ ವಾಪಸ್ ಹೋಗುತ್ತಾರೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಟಾಯ್ಲೆಟ್‌ಗೆ ಜೊತೆಗೊಬ್ಬರು ಬೇಕು ಅಂದರೆ ಬಹಳ ಕಡೆ ಅದು ಲೆವೆಲ್ 3.

ಫ್ರೀಮಾಂಟ್_ಕನ್ನಡಿಗ

ಅತ್ತೆ ಇಲ್ಲಿ ಕ್ಯಾಲಿಫೋರ್ನಿಯಾದ ಅಸಿಸ್ಟೆಡ್ ಲಿವಿಂಗ್‌ನಲ್ಲಿದ್ದಾರೆ. ನೀವು ಹೇಳುತ್ತಿರುವ ಕತೆ ಇಲ್ಲಿಯದೂ ಹೌದು. ಬಾಡಿಗೆ ಬೇರೆ, ಕೇರ್ ಪಾಯಿಂಟ್ಸ್ ಬೇರೆ. ಅಮೆರಿಕದಲ್ಲಿ 2024ರ ಒಂದು ದೊಡ್ಡ ಸಮೀಕ್ಷೆಯಲ್ಲಿ ಮಧ್ಯಮ ದರ ತಿಂಗಳಿಗೆ 5,900 ಡಾಲರ್ ಅಂತ ಬಂದಿತ್ತು. ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದಕ್ಕೆ ಕೊಡುವುದಿಲ್ಲ. ಇಲ್ಲಿಗೆ ಅಪ್ಪ ಅಮ್ಮನನ್ನು ಕರೆಸಿಕೊಂಡ ಎಷ್ಟೋ ನಮ್ಮವರಿಗೆ ಅದು ತಡವಾಗಿ ಗೊತ್ತಾಗುತ್ತದೆ.

ಒಂದು ವ್ಯತ್ಯಾಸ ಇದೆ. ಇಲ್ಲಿಯ ಕಾನೂನಿನಲ್ಲಿ ದರ ಏರಿಸುವ ಮುಂಚೆ ಬರಹದಲ್ಲಿ ನೋಟಿಸ್ ಕೊಡಲೇಬೇಕು. ಮೊದಲು 60 ದಿನ ಇತ್ತು, 2025ರಿಂದ 90 ದಿನ. ಆರೈಕೆಯ ಲೆವೆಲ್ ಬದಲಾದರೆ ಹೊಸ ಸೇವೆ ಶುರು ಮಾಡಿದ ಎರಡು ಕೆಲಸದ ದಿನದೊಳಗೆ ಪತ್ರ ಕೊಡಬೇಕು. ಯಾವ ಹೊಸ ಸೇವೆ, ಎಷ್ಟು ದರ ಅಂತ ಬಿಡಿಸಿ ಬರೆದಿರಬೇಕು. ಏರಿಕೆಗೆ ಮಿತಿ ಅಂತೂ ಇಲ್ಲ. ತಕರಾರಿದ್ದರೆ ಆಂಬುಡ್ಸ್‌ಮನ್‌ಗೆ (ನಿವಾಸಿಗಳ ದೂರು ಕೇಳುವವರು) ಫೋನ್ ಮಾಡಬಹುದು. ಪ್ರತಿ ರಾಜ್ಯದಲ್ಲೂ ಆ ವ್ಯವಸ್ಥೆ ಇದೆ, ದುಡ್ಡು ಕೊಡಬೇಕಿಲ್ಲ. ಕರ್ನಾಟಕದಲ್ಲಿ ಅಂಥದ್ದು ಏನಿದೆ?

ವಕೀಲರ_ವಠಾರ

ಚಿಕ್ಕ ಉತ್ತರ: ಇದಕ್ಕೇ ಅಂತ ಏನೂ ಇಲ್ಲ. ಉದ್ದದ ಉತ್ತರ ಕೆಳಗಿದೆ. ಇದು ಸಾಮಾನ್ಯ ಮಾಹಿತಿ, ನಿಮ್ಮ ಕಾಗದ ನೋಡದೆ ಸಲಹೆ ಅಲ್ಲ.

ಬಹಳ ಜನ 2007ರ ಹಿರಿಯ ನಾಗರಿಕರ ಕಾಯ್ದೆ ಹಿಡಿದು ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಓಡುತ್ತಾರೆ. ಅಲ್ಲಿಯ ನ್ಯಾಯಮಂಡಳಿ ಇರುವುದು ಮಕ್ಕಳು, ಸಂಬಂಧಿಕರು ನೋಡಿಕೊಳ್ಳದಿದ್ದರೆ ಜೀವನಾಂಶ ಕೊಡಿಸಲು, ಬರೆದುಕೊಟ್ಟ ಆಸ್ತಿ ವಾಪಸ್ ಕೊಡಿಸಲು. ಫೀ ಜಗಳಕ್ಕೆ ಅಲ್ಲ. 2019ರ ಡಿಸೆಂಬರ್‌ನಲ್ಲಿ ಇದಕ್ಕೆ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಹಿರಿಯರ ಆರೈಕೆ ಕೇಂದ್ರಗಳ ನೋಂದಣಿ, ಕನಿಷ್ಠ ಗುಣಮಟ್ಟ ಎಲ್ಲ ಅದರಲ್ಲಿತ್ತು. ಪಾಸಾಗಲಿಲ್ಲ, 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು.

ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಮಾದರಿ ಅಂದರೆ ರಾಜ್ಯ ಒಪ್ಪಿಕೊಂಡರೆ ಮಾತ್ರ. ಮಹಾರಾಷ್ಟ್ರದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) 2024ರಲ್ಲಿ ಹಿರಿಯರ ವಸತಿ ಯೋಜನೆಗಳಿಗೆ ನಿಯಮ ತಂದಿತು. ಆದರೆ ಅದೆಲ್ಲ ಮಾರುವ ಫ್ಲ್ಯಾಟ್‌ಗೆ. ಲಿಫ್ಟ್ ಹೇಗಿರಬೇಕು, ಬಾಗಿಲು ಎಷ್ಟು ಅಗಲ ಇರಬೇಕು, ಅಂಥದ್ದು. ಡೆಪಾಸಿಟ್ ಕೊಟ್ಟು ತಿಂಗಳ ಲೆಕ್ಕದಲ್ಲಿ ಇರುವವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಉಳಿದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇದು ಗಟ್ಟಿ ಇದೆ. ಕೊಡದ ಸೇವೆಗೆ ಬಿಲ್ ಮಾಡಿದ್ದಾರೆ ಅನ್ನುವುದು ನಿಮ್ಮ ವಾದ ಆದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಅಲ್ಲೇ. 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಆನ್‌ಲೈನ್‌ನಲ್ಲೂ ಆಗುತ್ತದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ನಂಬರ್ ತಗೊಳ್ಳಿ. ಎಷ್ಟೋ ಕಂಪನಿ ಆ ನಂಬರ್ ನೋಡಿದ ಮೇಲೇ ಮಾತಿಗೆ ಬರುವುದು.

ಇನ್ನೊಂದು ಇದೆ. ಆ ಕಾಯ್ದೆಯ 2(46) ಕಲಂ ‘ಅನ್ಯಾಯದ ಒಪ್ಪಂದ’ ಅಂದರೆ ಏನು ಅಂತ ಹೇಳುತ್ತದೆ. ಅತಿಯಾದ ಡೆಪಾಸಿಟ್, ಕಾರಣ ಕೊಡದೆ ಒಂದೇ ಕಡೆಯವರು ರದ್ದು ಮಾಡುವ ಹಕ್ಕು, ಗ್ರಾಹಕನ ಮೇಲೆ ಅನ್ಯಾಯದ ಶುಲ್ಕ ಅಥವಾ ಷರತ್ತು ಹೇರುವುದು. “ಆಡಳಿತವು ನಿರ್ಧರಿಸುತ್ತದೆ” ಅನ್ನುವ ನಿಮ್ಮ ಸಾಲನ್ನು ಇದರಡಿ ಪ್ರಶ್ನೆ ಮಾಡಬಹುದು. ಆದರೆ ಅನ್ಯಾಯದ ಒಪ್ಪಂದದ ದೂರು ಜಿಲ್ಲಾ ಆಯೋಗಕ್ಕೆ ಬರುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು.

ಅಗ್ರಿಮೆಂಟ್‌ನಲ್ಲಿ ಆರ್ಬಿಟ್ರೇಷನ್ (ಕೋರ್ಟ್ ಬದಲು ಖಾಸಗಿ ಪಂಚರ ಮುಂದೆ ತೀರ್ಮಾನ) ಅಂತ ಬರೆದಿದ್ದರೆ ಹೆದರಬೇಡಿ. ಆ ಷರತ್ತು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿದೆ.

ಕೊನೆಯದಾಗಿ, ಬಿಲ್ ಕಟ್ಟುವುದನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ತಪ್ಪು ನಿಮ್ಮ ಕಡೆ ಬರುತ್ತದೆ. “ತಕರಾರು ಉಳಿಸಿಕೊಂಡು ಪಾವತಿಸುತ್ತಿದ್ದೇನೆ” ಅಂತ ಒಂದು ಸಾಲಿನ ಇಮೇಲ್ ಹಾಕಿ ಕಟ್ಟಿ.

ಧಾರವಾಡ_ಫೇಡೆ

ವಕೀಲ್ ಸಾಹೇಬ್ರ, ಸಹಿ ಮಾಡಿದವರ ಬಗ್ಗೆ ಒಂದು ಮಾತು ಹೇಳ್ರಿ. ಅಣ್ಣ ಅದನ್ನೇ ಹಿಡಿದು ಕೂತಾನ.

ವಕೀಲರ_ವಠಾರ

ಕಾಗದದಲ್ಲಿ ನಿಮ್ಮ ಹೆಸರು ಎಲ್ಲಿದೆ ನೋಡಿ. ‘ಸಂಪರ್ಕಿಸಬೇಕಾದವರು’ ಅಂತ ಇದ್ದರೆ ಹಣದ ಹೊಣೆ ಸಾಮಾನ್ಯವಾಗಿ ಬರುವುದಿಲ್ಲ. ‘ಪ್ರಾಯೋಜಕರು’, ‘ಜಾಮೀನುದಾರರು’ ಅಂತ ಇದ್ದರೆ ಬರುತ್ತದೆ, ನಾಳೆ ಫೀ ಎಷ್ಟೇ ಆದರೂ. ಅಣ್ಣ ತಮ್ಮಂದಿರ ಪಾಲು ಅಗ್ರಿಮೆಂಟ್‌ಗೆ ಬೇಕಿಲ್ಲದ ವಿಷಯ. ಅದನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಬೇಕು.

ಹಾಸನದ_ಹೆಗ್ಗಡೆ

ನಮ್ಮ ಬಿಲ್‌ನಲ್ಲಿ ಪೂರ್ತಿ ಮೊತ್ತಕ್ಕೆ 18% ಜಿಎಸ್‌ಟಿ ಹಾಕಿದ್ದಾರೆ. ವೃದ್ಧಾಶ್ರಮಕ್ಕೆ ಜಿಎಸ್‌ಟಿ ಇಲ್ಲ ಅಂತ ಕೇಳಿದ್ದೆ?

ಲೆಕ್ಕದ_ಮೇಷ್ಟ್ರು

ಅರ್ಧ ಸರಿ. 2018ರ ಜುಲೈನಿಂದ ವಿನಾಯಿತಿ ಇದೆ. ಆದರೆ ಸರ್ಕಾರ ನಡೆಸುವುದಕ್ಕೆ, ಇಲ್ಲವೇ ಆದಾಯ ತೆರಿಗೆಯಲ್ಲಿ ಧರ್ಮಾರ್ಥ ಸಂಸ್ಥೆ ಅಂತ ನೋಂದಣಿ ಆದವರಿಗೆ. ಅದೂ 60 ದಾಟಿದ ನಿವಾಸಿಗೆ, ತಿಂಗಳಿಗೆ 25,000ದವರೆಗೆ, ಊಟ ವಸತಿ ಎಲ್ಲ ಸೇರಿ. ಪ್ರೈವೇಟ್ ಕಂಪನಿ ನಡೆಸುವ ಕಡೆ ಆ ವಿನಾಯಿತಿ ಇಲ್ಲ. ವೈದ್ಯಕೀಯ ಸೇವೆಗೆ ಬೇರೆ ವಿನಾಯಿತಿ ಇದೆ. ಹಾಗಾಗಿ ಯಾವ ಸಾಲಿಗೆ ಯಾವ ಆಧಾರದ ಮೇಲೆ ಜಿಎಸ್‌ಟಿ ಹಾಕಿದ್ದೀರಿ ಅಂತ ಕೇಳಿ. ಬಿಡಿಬಿಡಿಯಾಗಿ ಬಿಲ್ ಕೊಡಿಸಿಕೊಳ್ಳುವುದೇ ಅರ್ಧ ಕೆಲಸ.

ಬಿಡಿ ಬಿಲ್ ಅಂದಾಗ ನೆನಪಾಯಿತು. ಡೈಪರ್ ದರ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ನನ್ನ ಅಕ್ಕ ಇರುವ ಕಡೆ ಡಿಸೆಂಬರ್‌ವರೆಗೂ ಹಳೇ ದರವೇ ಹಾಕುತ್ತಿದ್ದರು. ದಿನಕ್ಕೆ ನಾಲ್ಕು ಅಂತ ಬಿಲ್, ಕಪಾಟಿನಲ್ಲಿ ನೋಡಿದರೆ ಪ್ಯಾಕೆಟ್ ಅರ್ಧ ಹಾಗೇ ಇದೆ. ಕೇಳಿದ ಮೇಲೆ ‘ಸ್ಟಾಕ್ ವ್ಯತ್ಯಾಸ’ ಅಂತ ಸರಿ ಮಾಡಿದರು. ಹೊರಗಿಂದ ನಾವೇ ತಂದುಕೊಡಬಹುದಾ ಅಂದರೆ ‘ಪಾಲಿಸಿ ಇಲ್ಲ’.

ನರ್ಸ್_ಅಕ್ಕ

ಡೈಪರ್ ವಿಷಯದಲ್ಲಿ ನಾನು ಏನೂ ಮಾತಾಡುವುದಿಲ್ಲ. ಮ್ಯಾನೇಜ್‌ಮೆಂಟ್ ಇದನ್ನು ಓದಿದರೂ ಓದಬಹುದು.

ಕುಡ್ಲದ_ಮೀನು

😂 ಉತ್ತರ ಸಿಕ್ಕಿತು.

ಬನಶಂಕರಿ_ಮಗಳು

ಇನ್ನೊಂದು ವಿಷಯ ಗೊತ್ತಾಯಿತು. ಭೇಟಿಗೆ ಬರುವ ಬೇರೆ ಮನೆಯವರ ಜೊತೆ ಮಾತಾಡಿದೆ, ಈಗ ಒಂದು ವಾಟ್ಸಾಪ್ ಗ್ರೂಪ್ ಆಗಿದೆ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದೆ: ನಿಮ್ಮವರ ಲೆವೆಲ್ ಯಾವತ್ತಾದರೂ ಇಳಿದಿದೆಯಾ? ಒಬ್ಬರಿಗೂ ಇಳಿದಿಲ್ಲ. ಸೊಂಟ ಮುರಿದು ಆಪರೇಷನ್ ಆಗಿ, ಫಿಸಿಯೋ ಮಾಡಿಸಿ, ಈಗ ಕೋಲು ಹಿಡಿದು ತೋಟದಲ್ಲಿ ಓಡಾಡುವ ಅಜ್ಜರೊಬ್ಬರು ಇದ್ದಾರೆ. ಅವರೂ ಲೆವೆಲ್ 4. ಆಟೋ ಮೀಟರ್ ಥರ, ಮೇಲಕ್ಕೆ ಮಾತ್ರ.

ಗ್ರೂಪ್ ಆಗಿದ್ದು ಗೊತ್ತಾಗಿ ಮ್ಯಾನೇಜರ್ ಫೋನ್ ಮಾಡಿದರು. “ಒಬ್ಬೊಬ್ಬರ ಆರೋಗ್ಯ ಒಂದೊಂದು ಥರ ಮೇಡಂ, ಹೋಲಿಸಬಾರದು.” ಸರಿ, ಹೋಲಿಸಲ್ಲ. ನಮ್ಮ ಅಮ್ಮನನ್ನು ಅಮ್ಮನ ಜೊತೆಗೇ ಹೋಲಿಸಿ, ಫೆಬ್ರವರಿಗೂ ಮೇಗೂ ಅಂದೆ. ಮೀಟಿಂಗ್ ಕೊಟ್ಟಿದ್ದಾರೆ.

ಅಮ್ಮನ_ಮಡಿಲು

ಜಗಳ ಮಾಡಿದರೆ ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ? ಅದನ್ನು ಯೋಚಿಸಿದ್ದೀರಾ? ಇದನ್ನು ಕೊಂಕಿಗೆ ಕೇಳುತ್ತಿಲ್ಲ.

ಬನಶಂಕರಿ_ಮಗಳು

ಯೋಚಿಸಿದ್ದೇನೆ. ರಾತ್ರಿ ಎಲ್ಲ ಅದೇ ಯೋಚನೆ. ಅದಕ್ಕೇ ಆಯಾಗಳ ಮೇಲೆ ಒಂದು ಮಾತೂ ಹೇಳಿಲ್ಲ, ಇಮೇಲ್‌ನಲ್ಲೂ ಬರೆದಿಲ್ಲ. ಅಮ್ಮನಿಗೆ ಜಡೆ ಹಾಕುವ ಹುಡುಗಿ ರಾಯಗಡದವಳು, ಒಡಿಶಾದವಳು. ಅಮ್ಮ ಅವಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದಾರೆ. ಈ 28,000ದಲ್ಲಿ ಅವಳಿಗೆ ಒಂದು ರೂಪಾಯಿ ಜಾಸ್ತಿ ಆಗಿಲ್ಲ, ಕೇಳಿದೆ.

ನರ್ಸ್_ಅಕ್ಕ

ಭಯ ನಿಜ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹೇಳಿದ ಸಮಯ ಬಿಟ್ಟು ಬೇರೆ ಹೊತ್ತಿನಲ್ಲೂ ಹೋಗಿ ಬನ್ನಿ. ತೂಕ ಪ್ರತಿ ತಿಂಗಳು ಕೇಳಿ. ತೂಕ ಇಳಿದರೆ, ಕೈಕಾಲಿನಲ್ಲಿ ಹೊಸ ಕಪ್ಪು ಕಲೆ ಕಂಡರೆ ಫೋಟೋ, ದಿನಾಂಕ. ಕಿರುಕುಳ ಅನ್ನಿಸಿದರೆ ಕಾಯಬೇಡಿ. ಎಲ್ಡರ್‌ಲೈನ್ 14567 ಇದೆ. ಬೆಂಗಳೂರಲ್ಲಿ ಪೊಲೀಸರ ಜೊತೆ ನಡೆಯುವ ಹಿರಿಯರ ಸಹಾಯವಾಣಿ 1090 ಬಹಳ ವರ್ಷದಿಂದ ಇದೆ.

ಮೀಟಿಂಗ್‌ಗೆ ಅಮ್ಮನ ಡಿಸ್ಚಾರ್ಜ್ ಸಮ್ಮರಿ ಮತ್ತು ಫಿಸಿಯೋ ನೋಟ್ಸ್ ತಗೊಂಡು ಹೋಗಿ. ಅಮ್ಮನೂ ಅಲ್ಲಿರಲಿ. ಅಂಕ ಹಾಕುವವರು ಅವರ ನರ್ಸ್ ಆದರೂ ಪರವಾಗಿಲ್ಲ, ನಿಮ್ಮ ಕಣ್ಣೆದುರು ಹಾಕಲಿ. ಬೆಳಿಗ್ಗೆ ಹೊತ್ತು ಇಟ್ಟುಕೊಳ್ಳಿ. ಸಂಜೆ ಆದರೆ ಹಿರಿಯರಿಗೆ ಸುಸ್ತು, ಗೊಂದಲ ಜಾಸ್ತಿ.

ಬನಶಂಕರಿ_ಮಗಳು

ಅಪ್‌ಡೇಟ್. ಮೀಟಿಂಗ್ ಆಯಿತು. ಅವರ ಕಡೆ ಮ್ಯಾನೇಜರ್, ಹೆಡ್ ನರ್ಸ್. ನಮ್ಮ ಕಡೆ ನಾನು, ತಮ್ಮ ವಿಡಿಯೋ ಕಾಲ್‌ನಲ್ಲಿ, ಮತ್ತು ಅಮ್ಮ. ಮ್ಯಾನೇಜರ್ ಇಂಗ್ಲಿಷ್‌ನಲ್ಲಿ ‘ಫಂಕ್ಷನಲ್ ಡಿಕ್ಲೈನ್’ (ದಿನದ ಕೆಲಸ ಮಾಡಿಕೊಳ್ಳುವ ಶಕ್ತಿ ಕುಗ್ಗಿದೆ) ಅಂತ ಶುರು ಮಾಡಿದರು. ಅಮ್ಮ ವಾಕರ್ ಹಿಡಿದು ಎದ್ದು, ಕಾರಿಡಾರ್ ಕೊನೆಗೆ ಹೋಗಿ ವಾಪಸ್ ಬಂದು ಕೂತು, “ಇನ್ನೇನು ಮಾಡಿ ತೋರಿಸಬೇಕಪ್ಪ?” ಅಂದರು. ಹೆಡ್ ನರ್ಸ್ ನಕ್ಕುಬಿಟ್ಟರು.

60 ಬಂತು. ನಡಿಗೆಗೆ 10 ಹಾಕಿದರು, ನಾನು ವಾದಿಸಲಿಲ್ಲ. ಲೆವೆಲ್ 3, 17,000. ಜೂನ್‌ನಿಂದ ಒಟ್ಟು 58,040. ಏಪ್ರಿಲ್, ಮೇ ತಿಂಗಳ ವ್ಯತ್ಯಾಸ 22,000 ವಾಪಸ್ ಕೊಡಿ ಅಂದರೆ ಆಗಲ್ಲ ಅನ್ನುತ್ತಾರೆ. “ಆಗಿನ ಅಸೆಸ್‌ಮೆಂಟ್ ಪ್ರಕಾರ ಅದು ಸರಿ.” 1915ರಲ್ಲಿ ದೂರು ಹಾಕಿದ್ದೇನೆ. ತಮ್ಮ “22 ಸಾವಿರಕ್ಕೆ ಕೋರ್ಟಾ, ಬಿಡು” ಅನ್ನುತ್ತಾನೆ.

ಲೆಕ್ಕದ_ಮೇಷ್ಟ್ರು

ಬಿಡಬೇಡಿ. ದುಡ್ಡಿಗಲ್ಲ, ಮುಂದಿನ ಸಲ ಆಸ್ಪತ್ರೆಗೆ ಹೋಗಿ ಬಂದಾಗ ಇದೇ ಆಗುತ್ತದೆ ಅನ್ನುವುದಕ್ಕೆ.

ವಕೀಲರ_ವಠಾರ

ಏಪ್ರಿಲ್ ಒಂದನೇ ತಾರೀಖಿಗೆ ಕ್ಯಾಥೆಟರ್ ತೆಗೆದಾಗಿತ್ತು ಅನ್ನುವುದಕ್ಕೆ ಅವರದೇ ನರ್ಸಿಂಗ್ ನೋಟ್ಸ್ ಇದೆ ಅಲ್ವಾ? ಅದರ ಪ್ರತಿ ಈಗಲೇ ಬರಹದಲ್ಲಿ ಕೇಳಿ. ಆಯೋಗಕ್ಕೆ ಹೋದರೆ ಮಧ್ಯಸ್ಥಿಕೆಗೆ ಕಳಿಸುವ ಅವಕಾಶವೂ ಇದೆ, ಎಷ್ಟೋ ಕೇಸ್ ಅಲ್ಲೇ ಮುಗಿಯುತ್ತದೆ.

ಮೈಸೂರ್_ಪಾಕ್

ತಡವಾಗಿ ಬಂದೆ, ಪೂರ್ತಿ ಓದಿದೆ. ಮಾವನನ್ನು ಮೈಸೂರಿನ ಒಂದು ಕಡೆ ಸೇರಿಸುತ್ತಿದ್ದೇವೆ, ಮುಂದಿನ ವಾರ ಸಹಿ. ಅಗ್ರಿಮೆಂಟ್‌ನಲ್ಲಿ ನಿಮ್ಮ ಹಾಗೇ ಒಂದು ಸಾಲು ಇದೆ. ಏನು ಸೇರಿಸಲು ಹೇಳಲಿ?

ಲೆಕ್ಕದ_ಮೇಷ್ಟ್ರು

ಇದನ್ನು ಹಾಗೇ ಕೊಡಿ: “ಆರೈಕೆಯ ಮಟ್ಟವನ್ನು ಬರಹದ ಮೌಲ್ಯಮಾಪನದ ಮೇಲೆ, ಕುಟುಂಬದವರ ಎದುರಿನಲ್ಲಿ ನಿಗದಿ ಮಾಡತಕ್ಕದ್ದು. ಅದರ ಪ್ರತಿಯನ್ನು ಮೂರು ದಿನದೊಳಗೆ ಕೊಡತಕ್ಕದ್ದು. ಆಸ್ಪತ್ರೆಯಿಂದ ಬಂದ ಮೇಲೆ ಮಟ್ಟ ಏರಿಸಿದರೆ 30 ದಿನದೊಳಗೆ ಮರು ಮೌಲ್ಯಮಾಪನ ಮಾಡತಕ್ಕದ್ದು, ಮಟ್ಟ ಇಳಿದಿದ್ದರೆ ಶುಲ್ಕವೂ ಅಂದಿನಿಂದಲೇ ಇಳಿಯತಕ್ಕದ್ದು.” ಎಲ್ಲ ಲೆವೆಲ್‌ಗಳ ಈಗಿನ ದರದ ಪಟ್ಟಿ ಅಗ್ರಿಮೆಂಟ್ ಜೊತೆ ಲಗತ್ತಾಗಿರಲಿ, ಆ ಪಟ್ಟಿಗೂ ವಾರ್ಷಿಕ ಮಿತಿ ಅನ್ವಯ ಅಂತ ಇರಲಿ. ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್ ಅಂತ ದಿನ ಹಾಕಿಸಿ.

ನರ್ಸ್_ಅಕ್ಕ

ಮತ್ತೆ ರಾತ್ರಿ ಪಾಳಿಯಲ್ಲಿ ಎಷ್ಟು ನಿವಾಸಿಗೆ ಒಬ್ಬ ಅಟೆಂಡರ್ ಅಂತ ಕೇಳಿ ಬರೆಸಿಕೊಳ್ಳಿ. ಹಗಲಿನದು ಎಲ್ಲರೂ ಹೇಳುತ್ತಾರೆ.

ಮೈಸೂರ್_ಪಾಕ್

ಇವತ್ತು ಹೋಗಿ ಕೊಟ್ಟೆವು. ದರದ ಪಟ್ಟಿ ಲಗತ್ತಿಸಲು ಒಪ್ಪಿದರು. ಮರು ಮೌಲ್ಯಮಾಪನಕ್ಕೂ ಒಪ್ಪಿದರು, 30 ದಿನ ಅಲ್ಲ, 45. ಡೆಪಾಸಿಟ್‌ಗೆ 60 ದಿನ ಅಂತ ಬರೆದರು. ಕೇರ್ ಚಾರ್ಜ್‌ಗೆ ವಾರ್ಷಿಕ ಮಿತಿ ಅನ್ನುವ ಸಾಲನ್ನು ಮಾತ್ರ ಪೆನ್ನಲ್ಲಿ ಹೊಡೆದು ಹಾಕಿದರು. ರಾತ್ರಿ ಪಾಳಿಯ ಲೆಕ್ಕ ‘ಹೆಡ್ ಆಫೀಸ್ ಕೇಳಿ ಹೇಳುತ್ತೇವೆ’ ಅಂದಿದ್ದಾರೆ. ಅದು ಬರುವವರೆಗೆ ಸಹಿ ಮಾಡುತ್ತಿಲ್ಲ.